ಸಾಮಾಜಿಕ ಜಾಲಗಳು: ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳು

ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಮುಂತಾದ ಬೆಂಗಳೂರಿನ ಹೊರವಲಯದ ಕೈಗಾರಿಕಾ ಮತ್ತು ಮಾಹಿತಿ ತಂತ್ರಜ್ಞಾನ ಪ್ರದೇಶಗಳಲ್ಲಿ ಕೆಲಸ, ಬಾಡಿಗೆ ಮನೆ, ಪ್ರಯಾಣ, ಕೈಸಾಲ, ಹಬ್ಬ ಮೊದಲಾದ ದಿನನಿತ್ಯದ ವ್ಯವಹಾರಗಳಿಂದ ಹುಟ್ಟಿ, ಕಾಲಕ್ರಮದಲ್ಲಿ ಕಟ್ಟುಪಾಡು, ಹುದ್ದೆ ಮತ್ತು ಸಂಘಟನೆಗಳ ರೂಪ ತಾಳುವ ಸಂಬಂಧಗಳ ಹೆಣಿಗೆಯನ್ನು ಈ ಪ್ರದೇಶಗಳ ಸಾಮಾಜಿಕ ಜಾಲ ಎನ್ನಲಾಗುತ್ತದೆ. ಸರ್ಕಾರ ಇಲ್ಲಿ ನಿವೇಶನ, ರಸ್ತೆ ಮತ್ತು ವಿದ್ಯುತ್ತಿಗೆ ನಕ್ಷೆ ಹಾಕಿತೇ ಹೊರತು, ದುಡಿಯಲು ಬರುವವರು ಎಲ್ಲಿ ಉಳಿಯಬೇಕು, ಯಾರಿಂದ ಸಾಲ ಪಡೆಯಬೇಕು, ಕೆಲಸ ಹೋದರೆ ಯಾರನ್ನು ಕೇಳಬೇಕು ಎಂಬುದಕ್ಕೆ ನಕ್ಷೆ ಇರಲಿಲ್ಲ. ಆ ತೆರವನ್ನು ತುಂಬಿದ್ದು ಕಾರ್ಖಾನೆಯ ಗೇಟಿನ ಎದುರಿನ ಟೀ ಅಂಗಡಿ, ವಠಾರದ ನಲ್ಲಿ, ಕಂಪನಿ ಬಸ್ಸು, ತಿಂಗಳ ಚೀಟಿ ಮತ್ತು ಈಚಿನ ವರ್ಷಗಳಲ್ಲಿ ವಾಟ್ಸ್‌ಆ್ಯಪ್ ಗುಂಪು.

ಪಾರಿಭಾಷಿಕ ಪದಗಳು

ವ್ಯಕ್ತಿಗಳು ಬದಲಾದರೂ ಉಳಿಯುವ ಸ್ಥಾನ, ಹೊಣೆ ಮತ್ತು ನಿಯಮಗಳ ವ್ಯವಸ್ಥೆಗೆ ‘ಸಾಮಾಜಿಕ ಸಂರಚನೆ’ ಎಂದೂ, ನಿರ್ದಿಷ್ಟ ವ್ಯಕ್ತಿಗಳನ್ನು ಒಬ್ಬರಿಗೊಬ್ಬರು ಸೇರಿಸುವ ಸಂಬಂಧಗಳ ಒಟ್ಟು ಸಮೂಹಕ್ಕೆ ‘ಸಾಮಾಜಿಕ ಜಾಲ’ ಎಂದೂ ಹೆಸರು. ಜಾಲದಲ್ಲಿನ ಪ್ರತಿ ವ್ಯಕ್ತಿ ಅಥವಾ ಸಂಸ್ಥೆ ಒಂದು ‘ಗಂಟು’. ಎರಡು ಗಂಟುಗಳನ್ನು ಸೇರಿಸುವ ಸಂಬಂಧ ಒಂದು ‘ಎಳೆ’. ಬಂಧುತ್ವ, ಒಂದೇ ಊರು, ದೀರ್ಘಕಾಲದ ಸ್ನೇಹ ಇವುಗಳಿಂದ ಬರುವುದು ಬಿಗಿ ಎಳೆ. ಬಸ್ಸಿನಲ್ಲಿ, ಪಾಳಿ ಬದಲಾಗುವ ಹೊತ್ತಿನಲ್ಲಿ, ಅಂಗಡಿಯ ಮುಂದೆ ಆಗುವ ಮೇಲುಮೇಲಿನ ಪರಿಚಯ ಸಡಿಲ ಎಳೆ. ಇಲ್ಲವಾದರೆ ಸಂಪರ್ಕವೇ ಇರದ ಎರಡು ಗುಂಪುಗಳನ್ನು ಸೇರಿಸುವ ಎಳೆಗೆ ‘ಕೊಂಡಿ’ ಎನ್ನುತ್ತಾರೆ.

ಜಾಲವೆಂಬ ಮಾತನ್ನು ವಿಶ್ಲೇಷಣೆಯ ಪರಿಕಲ್ಪನೆಯಾಗಿ ಬಳಸಿದವರಲ್ಲಿ ಮಾನವಶಾಸ್ತ್ರಜ್ಞ ಜೆ. ಎ. ಬಾರ್ನ್ಸ್ ಮೊದಲಿಗರು, ನಾರ್ವೆಯ ಬ್ರೆಮ್ನೆಸ್ ಎಂಬ ಊರನ್ನು ಕುರಿತು ಅವರು 1954ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಬಳಕೆ ಕಾಣುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ, ಹೊಸ ಕೆಲಸದ ಸುದ್ದಿ ಆಪ್ತರಿಗಿಂತ ಮೇಲುಮೇಲಿನ ಪರಿಚಿತರಿಂದಲೇ ಹೆಚ್ಚು ಬರುತ್ತದೆ, ಏಕೆಂದರೆ ಆಪ್ತರಿಗೆ ತಿಳಿದಿರುವುದು ಬಹುಮಟ್ಟಿಗೆ ಕೇಳುವವರಿಗೂ ತಿಳಿದಿರುತ್ತದೆ ಎಂದು ವಾದಿಸಿದರು. ನಿತ್ಯದ ನಡವಳಿಕೆಯೇ ಸಂರಚನೆಯನ್ನು ಉಂಟುಮಾಡುತ್ತದೆ, ಉಂಟಾದ ಸಂರಚನೆ ಮುಂದಿನ ನಡವಳಿಕೆಯನ್ನು ನಿಯಂತ್ರಿಸುತ್ತದೆ ಎಂಬ ವಿವರಣೆ ಬ್ರಿಟನ್ನಿನ ಆಂಥನಿ ಗಿಡೆನ್ಸ್ ಅವರದು. ಕರ್ನಾಟಕದ ಮಟ್ಟಿಗೆ, ಮೈಸೂರಿನ ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ರಾಂಪುರ ಎಂದು ಹೆಸರಿಟ್ಟು ನಡೆಸಿದ ಗ್ರಾಮಾಧ್ಯಯನ ಮತ್ತು ಅದರಿಂದ ಬೆಳೆಸಿದ ‘ಪ್ರಬಲ ಜಾತಿ’ಯ ಪರಿಕಲ್ಪನೆ ಈ ಬಗೆಯ ಚಿಂತನೆಗೆ ಬುನಾದಿ ಹಾಕಿದವು. ಹಳ್ಳಿಯನ್ನು ಕುರಿತು ಹೇಳಿದ ಈ ಮಾತುಗಳು ನಗರದಂಚಿನ ಬಡಾವಣೆಗಳಿಗೂ ಎಷ್ಟೋ ಮಟ್ಟಿಗೆ ಅನ್ವಯಿಸುತ್ತವೆ, ಏಕೆಂದರೆ ಅಲ್ಲಿನ ಮನೆ ಮಾಲೀಕರಲ್ಲಿ ಅನೇಕರು ಅದೇ ಜಾಗದ ಹಳೆಯ ಹಳ್ಳಿಗಳ ಭೂಮಾಲೀಕ ಕುಟುಂಬಗಳವರು.

ಹಿನ್ನೆಲೆ

ಬೆಂಗಳೂರಿನ ಮೊದಲ ತಲೆಮಾರಿನ ಬೃಹತ್ ಸಾರ್ವಜನಿಕ ಉದ್ಯಮಗಳಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆ (1940), ಐಟಿಐ (1948), ಎಚ್‌ಎಂಟಿ (1953) ಮತ್ತು ಬಿಇಎಲ್ (1954) ತಮ್ಮ ನೌಕರರಿಗೆ ಕಾಲೊನಿ, ಶಾಲೆ, ಆಸ್ಪತ್ರೆ, ಕ್ಯಾಂಟೀನು ಮತ್ತು ಬಸ್ಸನ್ನು ತಾವೇ ಒದಗಿಸಿದವು. ಕಾರ್ಮಿಕ ಸಂಘ, ಕನ್ನಡ ಸಂಘ, ಲಲಿತಕಲಾ ಸಂಘ, ಗೃಹ ನಿರ್ಮಾಣ ಸಹಕಾರ ಸಂಘ ಇವೆಲ್ಲ ಆ ಆವರಣದೊಳಗೇ ಬೆಳೆದವು. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ 77 ದಿನ ನಡೆದ ಸಾರ್ವಜನಿಕ ಉದ್ಯಮಗಳ ಮುಷ್ಕರ ಆ ಒಗ್ಗಟ್ಟಿನ ಶಕ್ತಿಯನ್ನೂ ಮಿತಿಯನ್ನೂ ತೋರಿಸಿತು. ಮಾರ್ಕ್ ಹೋಮ್‌ಸ್ಟ್ರಾಮ್ ಅವರು ಬೆಂಗಳೂರಿನ ಕಾರ್ಖಾನೆಗಳ ನೌಕರರನ್ನು ಅಧ್ಯಯನ ಮಾಡಿ 1976ರಲ್ಲಿ ಪ್ರಕಟಿಸಿದ ಗ್ರಂಥ ಈ ಕಾಲದ ಪ್ರಮುಖ ದಾಖಲೆ. ಕಾಯಂ ನೌಕರಿಯೆಂಬ ಕೋಟೆಯ ಒಳಗಿರುವವರು ಮತ್ತು ಹೊರಗಿರುವವರು ಎಂಬ ಭೇದ ಅದರ ಮುಖ್ಯ ಹೊಳಹು.

ಹೊರವಲಯದ ಪ್ರದೇಶಗಳು ಈ ಮಾದರಿಯನ್ನು ಅನುಸರಿಸಲಿಲ್ಲ. 1966ರ ಕಾಯ್ದೆಯಡಿ ಸ್ಥಾಪನೆಯಾದ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯಂಥ ಸಂಸ್ಥೆಗಳು ಭೂಮಿಯನ್ನು ಸ್ವಾಧೀನಪಡಿಸಿಕೊಂಡು ನಿವೇಶನಗಳಾಗಿ ಹಂಚಿದವು. ವಸತಿ ಖಾಸಗಿಯವರ ಪಾಲಾಯಿತು. 1970ರ ದಶಕದಲ್ಲಿ ಬೆಳೆದ ಪೀಣ್ಯ ಸಣ್ಣ ಯಂತ್ರೋದ್ಯಮಗಳ ನೆಲೆಯಾಯಿತು. ಅದೇ ದಶಕದ ಕೊನೆಗೆ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗ ಅವರ ಕಲ್ಪನೆಯಂತೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡಿತು. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ ಮುಖಂಡ ಡಿ. ಎಸ್. ವೈಟ್ ಅವರ ಪ್ರಯತ್ನದಿಂದ, ಹತ್ತನೆಯ ಚಾಮರಾಜ ಒಡೆಯರು ನೀಡಿದ ಭೂಮಿಯಲ್ಲಿ ನೆಲೆಗೊಂಡ ಬೇಸಾಯಗಾರರ ವಸಾಹತು. 1990ರ ದಶಕದಲ್ಲಿ ಸಿಂಗಪುರದ ಸಹಯೋಗದಿಂದ ಐಟಿಪಿಎಲ್ ಎಂಬ ಮಾಹಿತಿ ತಂತ್ರಜ್ಞಾನ ಪಾರ್ಕ್ ಬಂದ ಮೇಲೆ ಅದರ ಸ್ವರೂಪ ಬದಲಾಯಿತು. ನೌಕರರಿಗೆ ಬೇಕಾದ ಮನೆಗಳು ಪೀಣ್ಯದ ಸುತ್ತ ಲಗ್ಗೆರೆ, ಹೆಗ್ಗನಹಳ್ಳಿ, ಚೊಕ್ಕಸಂದ್ರಗಳಲ್ಲಿ, ಹೊಸೂರು ರಸ್ತೆಯ ಗುಂಟ ಹೆಬ್ಬಗೋಡಿ ಮತ್ತು ಬೊಮ್ಮಸಂದ್ರದಲ್ಲಿ, ಪೂರ್ವದಲ್ಲಿ ಕುಂದಲಹಳ್ಳಿ, ನಲ್ಲೂರಹಳ್ಳಿ ಮತ್ತು ಪಟ್ಟಂದೂರು ಅಗ್ರಹಾರಗಳಲ್ಲಿ ಎದ್ದವು. ಈ ಹಳ್ಳಿಗಳಲ್ಲಿ ಬಹಳಷ್ಟು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಗುವವರೆಗೂ ನಗರಸಭೆ ಅಥವಾ ಗ್ರಾಮ ಪಂಚಾಯಿತಿಗಳ ಆಡಳಿತದಲ್ಲಿದ್ದವು.

ರೂಪುಗೊಳ್ಳುವ ಬಗೆ

ಜಾಲದ ಮೊದಲ ಎಳೆ ಬಹುತೇಕ ಊರಿನಿಂದಲೇ ಬರುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಕಟ್ಟಡದ ಕೆಲಸಕ್ಕೆ ಬರುವವರನ್ನು ಮೇಸ್ತ್ರಿ ಕರೆತರುತ್ತಾನೆ. ಮಂಡ್ಯ, ತುಮಕೂರು, ಹಾಸನದ ಐಟಿಐ ತರಬೇತಿ ಅಥವಾ ಡಿಪ್ಲೊಮಾ ಮುಗಿಸಿದ ಹುಡುಗರು ಅಣ್ಣನ ಗೆಳೆಯನ ರೂಮಿನಲ್ಲಿ ಇಳಿದುಕೊಂಡು ಕಾರ್ಖಾನೆಗಳ ಗೇಟಿಗೆ ನೇತುಹಾಕಿದ ‘ಆಪರೇಟರ್ ಬೇಕಾಗಿದ್ದಾರೆ’ ಫಲಕಗಳನ್ನು ನೋಡುತ್ತ ಸುತ್ತುತ್ತಾರೆ. ಈ ಬಿಗಿ ಎಳೆಗಳು ಹೊಸಬನನ್ನು ಬೀದಿಪಾಲಾಗದಂತೆ ಕಾಯುತ್ತವೆ, ಆದರೆ ತಂದವರಿಗೆ ಗೊತ್ತಿರುವ ಕೆಲಸಕ್ಕಷ್ಟೇ ಮುಟ್ಟಿಸುತ್ತವೆ. ಎರಡನೆಯ ಕೆಲಸ, ಹೆಚ್ಚಿನ ಸಂಬಳ, ಕಡಿಮೆ ಅಡ್ವಾನ್ಸಿನ ಮನೆ ಇವುಗಳ ಸುದ್ದಿ ಸಾಮಾನ್ಯವಾಗಿ ಸಡಿಲ ಎಳೆಗಳ ಮೂಲಕ ಬರುತ್ತದೆ. ಗ್ರಾನೊವೆಟರ್ ಅವರ ವಾದ ಇಲ್ಲಿ ಹೆಚ್ಚು ತಿದ್ದುಪಡಿಯಿಲ್ಲದೆ ಹೊಂದುತ್ತದೆ.

ಸಡಿಲ ಎಳೆಗಳು ಹುಟ್ಟಲು ಬೇಕಾದದ್ದು ಮತ್ತೆ ಮತ್ತೆ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಸೇರುವುದು. ಪಾಳಿ ಕೆಲಸದಲ್ಲಿ ಇದು ತಾನಾಗಿಯೇ ಆಗುತ್ತದೆ: ಒಳಗೆ ಹೋಗುವವರೂ ಹೊರಗೆ ಬರುವವರೂ ಗೇಟಿನ ಎದುರಿನ ಅಂಗಡಿಯಲ್ಲಿ ಹತ್ತು ನಿಮಿಷ ನಿಂತು ಬೈಟು ಟೀ ಕುಡಿಯುತ್ತಾರೆ, ಅಂಗಡಿಯವನು ಸಂಬಳದ ದಿನದವರೆಗೆ ಲೆಕ್ಕ ಬರೆದುಕೊಳ್ಳುತ್ತಾನೆ. ಸಾಲ ಕೊಡಬೇಕಾದರೆ ಗಿರಾಕಿ ಯಾವ ಕಂಪನಿ, ಯಾವ ಊರು, ಯಾರ ಪರಿಚಯ ಎಂಬುದು ತಿಳಿದಿರಬೇಕಾದ್ದರಿಂದ, ಆ ಪುಸ್ತಕ ಗೇಟಿನ ಮುಂದಿನ ಜನರ ಒಂದು ಬಗೆಯ ದಾಖಲೆಯೂ ಆಗುತ್ತದೆ. ಹೀಗೆ ಅಂಗಡಿಯವನೇ ಎರಡು ಕಾರ್ಖಾನೆಗಳ ನಡುವಿನ ಕೊಂಡಿಯಾಗುವುದುಂಟು.

ಪರಿಚಯ ಸಂರಚನೆಯಾಗುವುದು ಮೂರನೆಯ ವ್ಯಕ್ತಿ ಸೇರಿದಾಗ. ಇಬ್ಬರ ನಡುವಿನ ಕೊಡುಕೊಳೆ ಅವರಿಬ್ಬರ ಮರ್ಜಿಯಲ್ಲಿರುತ್ತದೆ. ಮೂರನೆಯವನು ಬಂದೊಡನೆ ಸಾಕ್ಷಿ, ಮಧ್ಯಸ್ಥಿಕೆ, ಬಹುಮತ ಎಂಬ ಹೊಸ ಸಂಗತಿಗಳು ಹುಟ್ಟುತ್ತವೆ ಎಂದು ಜರ್ಮನಿಯ ಸಮಾಜಶಾಸ್ತ್ರಜ್ಞ ಜಾರ್ಜ್ ಸಿಮ್ಮೆಲ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಗುರುತಿಸಿದ್ದರು. ಬಾಡಿಗೆ ಮನೆಗೆ ಪರಿಚಯ ಹೇಳಿದವನು, ಚೀಟಿಗೆ ಜಾಮೀನು ನಿಂತವನು, ಸೂಪರ್‌ವೈಸರ್ ಬಳಿ ಶಿಫಾರಸು ಮಾಡಿದವನು ಇವರೆಲ್ಲ ಮೂರನೆಯವರು. ಇವರ ಹೆಸರು ಕೆಡುತ್ತದೆ ಎಂಬ ಅಂಜಿಕೆ, ಲಿಖಿತ ಕರಾರಿಲ್ಲದ ಕಡೆಯೂ ಕರಾರಿನ ಕೆಲಸ ಮಾಡುತ್ತದೆ.

ಪೀಣ್ಯದ ಜಾಬ್ ವರ್ಕ್ ಜಾಲ

ಹೊರವಲಯದ ಜಾಲಗಳಲ್ಲಿ ಅತ್ಯಂತ ಸಂಕೀರ್ಣವಾದದ್ದು ಪೀಣ್ಯದ ಸಣ್ಣ ವರ್ಕ್‌ಶಾಪುಗಳ ನಡುವಿನ ಜಾಬ್ ವರ್ಕ್ ವ್ಯವಸ್ಥೆ. ಗಿರಾಕಿಯು ಕೊಟ್ಟ ಕಚ್ಚಾ ಲೋಹ ಅಥವಾ ಅರೆಸಿದ್ಧ ಬಿಡಿಭಾಗದ ಮೇಲೆ ಒಂದು ನಿರ್ದಿಷ್ಟ ಹಂತದ ಕೆಲಸವನ್ನು ಮಾತ್ರ ಮಾಡಿ ಮರಳಿಸುವುದಕ್ಕೆ ಜಾಬ್ ವರ್ಕ್ ಎನ್ನುತ್ತಾರೆ. ಉಕ್ಕಿನ ಒಂದು ಶಾಫ್ಟು ಒಂದು ಶೆಡ್ಡಿನಲ್ಲಿ ಸಿಎನ್‌ಸಿ ಲೇತಿನ ಮೇಲೆ ಟರ್ನಿಂಗ್ ಆಗಿ, ಇನ್ನೊಂದರಲ್ಲಿ ಮಿಲ್ಲಿಂಗ್ ಆಗಿ, ಮತ್ತೊಂದು ಬೀದಿಯಲ್ಲಿ ಹೀಟ್ ಟ್ರೀಟ್‌ಮೆಂಟಿಗೆ ಹೋಗಿ, ಗ್ರೈಂಡಿಂಗ್ ಮುಗಿಸಿ, ಕೊನೆಗೆ ಪ್ಲೇಟಿಂಗಿಗೆ ಹೋಗುತ್ತದೆ. ಈ ಸಂಚಾರವೆಲ್ಲ ನಡೆಯುವುದು ಲಗೇಜ್ ಆಟೊದಲ್ಲಿ, ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟ ಕ್ರೇಟಿನಲ್ಲಿ. ಜೊತೆಗಿರುವ ಕಾಗದ ಡಿ.ಸಿ. ಎಂದು ಕರೆಯುವ ಡೆಲಿವರಿ ಚಲನ್ ಒಂದೇ. ಒಂದು ಹಂತದಲ್ಲಿ ಅಳತೆ ತಪ್ಪಿದರೆ ಹಿಂದಿನ ಎಲ್ಲ ಹಂತಗಳ ಕೂಲಿ ವ್ಯರ್ಥವಾಗುವುದರಿಂದ, ದರ ಕಡಿಮೆಯೆಂಬ ಒಂದೇ ಕಾರಣಕ್ಕೆ ಅಪರಿಚಿತರಿಗೆ ಮಾಲು ಕೊಡುವುದು ವಿರಳ.

ಹೊಸ ಗಂಟುಗಳು ಹುಟ್ಟುವುದು ಹಳೆಯ ಗಂಟುಗಳಿಂದಲೇ. ಹಲವು ವರ್ಷ ಆಪರೇಟರ್ ಅಥವಾ ಫೋರ್‌ಮನ್ ಆಗಿದ್ದವನು ಬಾಡಿಗೆ ಶೆಡ್ಡಿನಲ್ಲಿ ಹಳೆಯ ಯಂತ್ರವೊಂದನ್ನು ಕೂರಿಸಿ ಸ್ವಂತ ವರ್ಕ್‌ಶಾಪು ತೆರೆಯುತ್ತಾನೆ. ಮೊದಲ ಆರ್ಡರು ಹಿಂದಿನ ಮಾಲೀಕನದೇ ಆಗಿರುವುದು ಸಾಮಾನ್ಯ. ನೌಕರ ಮತ್ತು ಮಾಲೀಕ ಎಂಬ ಸಂಬಂಧ ಹೀಗೆ ಗಿರಾಕಿ ಮತ್ತು ಪೂರೈಕೆದಾರ ಎಂಬ ಸಂಬಂಧವಾಗಿ ಬದಲಾದರೂ ‘ಸಾರ್’ ಎಂಬ ಸಂಬೋಧನೆ ಹಾಗೆಯೇ ಉಳಿಯುತ್ತದೆ. ಹಣ ಹಿಂತಿರುಗಿ ಬರುವ ಅವಧಿ ಈ ಜಾಲದ ದುರ್ಬಲ ತಾಣ. ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಎಂಎಸ್‌ಎಂಇಡಿ ಕಾಯ್ದೆ ವಿಧಿಸುತ್ತದೆ. ಆದರೆ ಮುಂದಿನ ಆರ್ಡರು ಅದೇ ಗಿರಾಕಿಯಿಂದ ಬರಬೇಕಾದ್ದರಿಂದ ಕಾಯ್ದೆಯ ಮೊರೆ ಹೋಗುವವರಿಗಿಂತ ಫೋನು ಮಾಡಿ ‘ಪೇಮೆಂಟು ಸ್ವಲ್ಪ ನೋಡಿ ಸಾರ್’ ಎನ್ನುವವರೇ ಹೆಚ್ಚು. ದೊಡ್ಡ ಕಂಪನಿಯೊಂದು ಪಾವತಿ ತಡಮಾಡಿದರೆ ಆ ತಡ ಹಂತಹಂತವಾಗಿ ಇಳಿದು ಪ್ಲೇಟಿಂಗ್ ಶೆಡ್ಡಿನ ಹೆಲ್ಪರನ ಸಂಬಳದವರೆಗೆ ಮುಟ್ಟುತ್ತದೆ.

ಈ ಬಿಡಿ ಸಂಬಂಧಗಳ ಮೇಲೆ ನಿಂತ ಔಪಚಾರಿಕ ಸಂಸ್ಥೆ 1978ರಲ್ಲಿ ಆರಂಭವಾದ ಪೀಣ್ಯ ಕೈಗಾರಿಕಾ ಸಂಘ. ರಸ್ತೆ, ವಿದ್ಯುತ್, ತೆರಿಗೆ ಮುಂತಾದ ವಿಷಯಗಳಲ್ಲಿ ಅದು ಸರ್ಕಾರದೊಡನೆ ಉದ್ಯಮಿಗಳ ಪರವಾಗಿ ವ್ಯವಹರಿಸುತ್ತದೆ.

ವಠಾರ ಮತ್ತು ಚೀಟಿ

ಒಂದೇ ಅಂಗಳ ಅಥವಾ ಓಣಿಗೆ ಬಾಗಿಲು ತೆರೆಯುವ ಸಣ್ಣ ಬಾಡಿಗೆ ಮನೆಗಳ ಸಾಲಿಗೆ ವಠಾರ ಎಂದು ಹೆಸರು. ಮೇಲ್ಛಾವಣಿಗೆ ಸಿಮೆಂಟು ಶೀಟು ಹೊದಿಸಿದ್ದನ್ನು ಶೀಟ್ ಮನೆ ಎನ್ನುತ್ತಾರೆ. ನೀರು ಬಿಡುವ ಹೊತ್ತು, ಹಂಚಿಕೊಂಡ ಶೌಚಾಲಯ, ಒಂದೇ ಕರೆಂಟ್ ಮೀಟರು ಇವು ಇಲ್ಲಿ ನೆರೆಹೊರೆಯವರನ್ನು ನಿತ್ಯ ಮಾತುಕತೆಗೆ ಎಳೆಯುತ್ತವೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ತಾಯಂದಿರು ಶಾಲೆಯಿಂದ ಬಂದ ಮಕ್ಕಳನ್ನು ಪಕ್ಕದ ಮನೆಯ ಅಜ್ಜಿಗೆ ಒಪ್ಪಿಸಿ ಹೋಗುವುದು, ಅದಕ್ಕೆ ಪ್ರತಿಯಾಗಿ ಆಕೆಯ ರೇಷನ್ ತಂದುಕೊಡುವುದು, ಹಣ ಕೈ ಬದಲಾಗದೆಯೇ ನಡೆಯುವ ಹೊಣೆಗಾರಿಕೆಗೆ ಉದಾಹರಣೆ.

ವಠಾರದ ಪರಿಚಯ ಹಣಕಾಸಿನ ರೂಪ ಪಡೆಯುವುದು ಚೀಟಿಯಲ್ಲಿ. ಇಪ್ಪತ್ತು ಜನ ತಿಂಗಳಿಗೆ 5,000 ರೂಪಾಯಿಯಂತೆ ಕಟ್ಟುವ ಚೀಟಿಯಲ್ಲಿ ಪ್ರತಿ ತಿಂಗಳು ಒಂದು ಲಕ್ಷ ಸೇರುತ್ತದೆ. ತುರ್ತಾಗಿ ಹಣ ಬೇಕಾದವರು ಚೀಟಿ ಕೂಗುತ್ತಾರೆ, ಅಂದರೆ ಎಷ್ಟು ಬಿಟ್ಟುಕೊಟ್ಟು ಎತ್ತಿಕೊಳ್ಳುತ್ತೇವೆಂದು ಹರಾಜಿನಲ್ಲಿ ಹೇಳುತ್ತಾರೆ. ಒಬ್ಬರು 20,000 ಬಿಟ್ಟು 80,000ಕ್ಕೆ ಎತ್ತಿದರೆ, ನಡೆಸುವವರ ಕಮಿಷನ್ ಬಿಟ್ಟು ಲೆಕ್ಕ ಹಾಕಿದಾಗ, ಉಳಿಕೆ ಇಪ್ಪತ್ತು ಪಾಲಾಗಿ ಪ್ರತಿಯೊಬ್ಬರ ಆ ತಿಂಗಳ ಕಂತು 4,000ಕ್ಕೆ ಇಳಿಯುತ್ತದೆ. ಎತ್ತಿದವರು ಮುಂದಿನ ತಿಂಗಳುಗಳಲ್ಲಿ ಕಟ್ಟುತ್ತಾರೆಂಬ ಭರವಸೆಗೆ ಬ್ಯಾಂಕಿನಲ್ಲಿರುವಂಥ ಅಡಮಾನವಿಲ್ಲ. ಅವರು ಯಾವ ಮನೆಯವರು, ಯಾವ ಲೈನಿನಲ್ಲಿ ಹೊಲಿಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವುದೇ ಆಧಾರ. 1982ರ ಚಿಟ್ ಫಂಡ್ ಕಾಯ್ದೆ ನೋಂದಣಿಯನ್ನು ಕಡ್ಡಾಯ ಮಾಡಿದ್ದರೂ ಬೀದಿಯ ಚೀಟಿಗಳು ಹೆಚ್ಚಾಗಿ ನೋಂದಣಿಯಿಲ್ಲದೆ ನಡೆಯುತ್ತವೆ. ನಡೆಸುವವರು ಓಡಿಹೋದರೆ ಹಣ ಕಳೆದುಕೊಂಡವರಿಗೆ ದಾಖಲೆಯಿಲ್ಲದಿರುವುದು ಇದರ ಅಪಾಯ. ಸರ್ಕಾರ 2000-01ರಲ್ಲಿ ಆರಂಭಿಸಿದ ಸ್ತ್ರೀಶಕ್ತಿ ಗುಂಪುಗಳು ಮತ್ತು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳು ಇದೇ ನೆರೆಹೊರೆಯ ಜಾಮೀನನ್ನು ಪುಸ್ತಕ, ವಾರದ ಸಭೆ ಮತ್ತು ಬ್ಯಾಂಕ್ ಸಾಲದ ವ್ಯವಸ್ಥೆಗೆ ಒಳಪಡಿಸಿದವು.

ಅಪಾರ್ಟ್‌ಮೆಂಟು ಮತ್ತು ಪಿಜಿ

ಮಾಹಿತಿ ತಂತ್ರಜ್ಞಾನದ ನೌಕರರ ಜಾಲಗಳು ಬಹುಭಾಷಿಕವಾಗಿದ್ದು, ಹೆಚ್ಚಾಗಿ ಕಾಲೇಜಿನ ಗೆಳೆತನ, ಹಿಂದಿನ ಕಂಪನಿಯ ಸಹೋದ್ಯೋಗ ಮತ್ತು ವಸತಿ ಸಮುಚ್ಚಯಗಳನ್ನು ಆಧರಿಸಿವೆ. ಕಂಪನಿಗಳು ನೌಕರರ ಶಿಫಾರಸಿನ ಮೇಲೆ ನೇಮಕ ಮಾಡಿಕೊಂಡು ಶಿಫಾರಸು ಮಾಡಿದವರಿಗೆ ಬೋನಸ್ ಕೊಡುವ ಪದ್ಧತಿ, ಪೀಣ್ಯದಲ್ಲಿ ಅಣ್ಣನ ಗೆಳೆಯ ಮಾಡುವ ಕೆಲಸಕ್ಕೆ ಇಲ್ಲಿ ದೊರೆತ ಅಧಿಕೃತ ರೂಪವೆನ್ನಬಹುದು. ಅರ್ಹತೆಯೊಂದೇ ಮಾನದಂಡವೆಂದು ಈ ಉದ್ಯಮ ಹೇಳಿಕೊಂಡರೂ ಅದರ ನೌಕರವರ್ಗ ಬಹುಮಟ್ಟಿಗೆ ನಗರದ, ಮೇಲ್ಜಾತಿಯ, ಮಧ್ಯಮವರ್ಗದ ಕುಟುಂಬಗಳಿಂದ ಬಂದದ್ದೆಂಬುದನ್ನು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಕರೋಲ್ ಉಪಾಧ್ಯ ಮತ್ತು ಎ. ಆರ್. ವಾಸವಿ ಅವರ ಅಧ್ಯಯನ 2006ರಲ್ಲಿ ತೋರಿಸಿತು.

ಅಪಾರ್ಟ್‌ಮೆಂಟುಗಳಲ್ಲಿ ನಿರ್ವಹಣಾ ಶುಲ್ಕ, ಟ್ಯಾಂಕರ್ ನೀರು ಮತ್ತು ಪಾರ್ಕಿಂಗಿನ ತಕರಾರುಗಳೇ ಸಂಘದ ಹುಟ್ಟಿಗೆ ಕಾರಣ. ಮೊದಲು ವಾಟ್ಸ್‌ಆ್ಯಪ್ ಗುಂಪು, ಬಳಿಕ ತಾತ್ಕಾಲಿಕ ಸಮಿತಿ, ಕೊನೆಗೆ ಬೈಲಾ, ಅಧ್ಯಕ್ಷ, ಖಜಾಂಚಿಯಿರುವ ನೋಂದಾಯಿತ ಸಂಘ ಎಂಬ ಕ್ರಮ ಸಾಮಾನ್ಯ. ಬಡಾವಣೆಯ ಗಡಿ ದಾಟಿ ಬೆಳೆದದ್ದಕ್ಕೆ 2013ರಲ್ಲಿ ಆರಂಭವಾದ ವೈಟ್‌ಫೀಲ್ಡ್ ರೈಸಿಂಗ್ ಎಂಬ ನಾಗರಿಕರ ವೇದಿಕೆ ಪ್ರಸಿದ್ಧ ನಿದರ್ಶನ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಈ ಪ್ರಕ್ರಿಯೆ ಇನ್ನೂ ಮುಂದೆ ಹೋಗಿ, ಉದ್ಯಮಗಳ ಸಂಘವು 2013ರಲ್ಲಿ ಎಲ್ಸಿಟಾ ಎಂಬ ಕೈಗಾರಿಕಾ ಪಟ್ಟಣ ಪ್ರಾಧಿಕಾರಕ್ಕೆ ದಾರಿ ಮಾಡಿತು. ತೆರಿಗೆ ಸಂಗ್ರಹ ಮತ್ತು ಪೌರಸೇವೆಯ ಅಧಿಕಾರ ಅದಕ್ಕೆ ದೊರೆಯಿತು. ಆ ಗಡಿಯ ಹೊರಗಿರುವ ದೊಡ್ಡತೋಗೂರಿನ ಪಿಜಿಗಳಲ್ಲಿ ಉಳಿಯುವ ನೌಕರರು ಹಗಲು ಒಂದು ಆಡಳಿತಕ್ಕೂ ರಾತ್ರಿ ಇನ್ನೊಂದಕ್ಕೂ ಸೇರುತ್ತಾರೆ. ಈ ಎಲ್ಲ ಸಂಘಗಳಲ್ಲಿ ಮನೆಗೆಲಸದವರು, ಸೆಕ್ಯುರಿಟಿಯವರು, ಕ್ಯಾಬ್ ಚಾಲಕರು ನಿತ್ಯ ಒಳಗೆ ಬಂದುಹೋಗುವವರಾದರೂ ಸದಸ್ಯರಲ್ಲ.

ಉಪಯೋಗ: 2016ರ ಏಪ್ರಿಲ್

ದಿನಬಳಕೆಯ ಜಾಲಗಳು ಸಾಮೂಹಿಕ ಕ್ರಿಯೆಯಾಗಿ ಬದಲಾಗುವುದಕ್ಕೆ ಗಾರ್ಮೆಂಟ್ಸ್ ಕಾರ್ಮಿಕರ ಹೋರಾಟ ಸ್ಪಷ್ಟ ಉದಾಹರಣೆ. ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲವೆಂದು ಕೇಂದ್ರ ಸರ್ಕಾರ 2016ರ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಡಿಸಿತು. ಮಕ್ಕಳ ಫೀಸು, ಮದುವೆ, ಸಾಲ ತೀರಿಸುವುದು ಇವಕ್ಕೆಲ್ಲ ಕೆಲಸ ಬಿಟ್ಟು ಪಿಎಫ್ ತೆಗೆಯುವುದನ್ನೇ ನೆಚ್ಚಿದ್ದ ಕಾರ್ಮಿಕರಿಗೆ ಇದು ತಮ್ಮ ದೊಡ್ಡ ಉಳಿತಾಯವೇ ಕೈತಪ್ಪಿದಂತಾಯಿತು. ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಕಾರ್ಖಾನೆಗಳಿಂದ ಹೊರಬಂದ ಕಾರ್ಮಿಕರು ಹೊಸೂರು ರಸ್ತೆಯನ್ನು ತಡೆದರು. ಮರುದಿನ ಹೆಬ್ಬಗೋಡಿ, ಜಾಲಹಳ್ಳಿ ಕ್ರಾಸ್, ಪೀಣ್ಯಗಳಿಗೂ ಅದು ಹಬ್ಬಿತು. ಭಾಗವಹಿಸಿದವರಲ್ಲಿ ಹೆಚ್ಚಿನವರು ಮಹಿಳೆಯರು. ಈ ವಲಯದಲ್ಲಿ ಕಾರ್ಮಿಕ ಸಂಘಗಳಿದ್ದರೂ ಸದಸ್ಯತ್ವ ಅಲ್ಪವಾಗಿತ್ತು ಮತ್ತು ಹೋರಾಟಕ್ಕೆ ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಸುದ್ದಿ ಹರಿದದ್ದು ಲೈನಿನಿಂದ ಲೈನಿಗೆ, ಗೇಟಿನಿಂದ ಗೇಟಿಗೆ, ವಠಾರದಿಂದ ವಠಾರಕ್ಕೆ. ಪೊಲೀಸರು ಲಾಠಿ ಮತ್ತು ಅಶ್ರುವಾಯು ಬಳಸಿದರು, ಹೆಬ್ಬಗೋಡಿಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. 19ರ ಸಂಜೆಯ ಹೊತ್ತಿಗೆ ಕೇಂದ್ರ ಸರ್ಕಾರ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ಎರಡು ದಿನಗಳ ಈ ಒಗ್ಗಟ್ಟು ಕಾಯಂ ಸಂಘಟನೆಯಾಗಿ ಉಳಿಯಲಿಲ್ಲವೆಂಬುದೂ ಅಷ್ಟೇ ಮುಖ್ಯ: ಸುದ್ದಿಯನ್ನು ಒಯ್ಯಬಲ್ಲ ಜಾಲ, ಕೂಲಿಯ ಮಾತುಕತೆಗೆ ಕೂರುವ ಸಂರಚನೆಯಾಗಲು ಸದಸ್ಯತ್ವ, ಚಂದಾ, ಪದಾಧಿಕಾರಿಗಳು ಬೇಕು.

ಮಿತಿಗಳು

ಸಹಾಯ ಹರಿಯುವ ದಾರಿಯಲ್ಲೇ ಭಯವೂ ಹರಿಯುತ್ತದೆ. 2012ರ ಆಗಸ್ಟ್ ಮಧ್ಯದಲ್ಲಿ ಎಸ್ಸೆಮ್ಮೆಸ್ ಮತ್ತು ಬಾಯಿಮಾತಿನ ಮೂಲಕ ಹಬ್ಬಿದ ವದಂತಿಗಳಿಂದ ಹೆದರಿದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಕೆಲವೇ ದಿನಗಳಲ್ಲಿ ಬೆಂಗಳೂರನ್ನು ತೊರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಅವರನ್ನು ಕೆಲಸಕ್ಕೆ ಕರೆತಂದ ಬಿಗಿ ಎಳೆಗಳೇ ವದಂತಿಯನ್ನೂ ವೇಗವಾಗಿ ಮುಟ್ಟಿಸಿದವು, ಅದನ್ನು ಅಲ್ಲಗಳೆಯಬಲ್ಲ ಸ್ಥಳೀಯ ಕೊಂಡಿಗಳು ಕಡಿಮೆ ಇದ್ದವು.

ಬಿಗಿ ಎಳೆಗಳು ಹೊರಗಿನವರನ್ನು ದೂರವಿಡುವ ಬೇಲಿಯೂ ಹೌದು. ಮನೆ ಕೇಳಲು ಬಂದವರಿಗೆ ಹೆಸರು, ಊರು, ಊಟ ‘ವೆಜ್ಜೋ ನಾನ್‌ವೆಜ್ಜೋ’ ಎಂದು ಕೇಳುವ ಪ್ರಶ್ನೆಗಳು ಬಹಳ ಸಲ ಜಾತಿ ಮತ್ತು ಧರ್ಮವನ್ನು ತಿಳಿಯುವ ಉಪಾಯಗಳಾಗಿವೆ. ಮೇಸ್ತ್ರಿ ಕೊಡುವ ಮುಂಗಡ ಕಷ್ಟಕಾಲಕ್ಕೆ ಒದಗಿದರೂ ತೀರುವವರೆಗೆ ಕೆಲಸಗಾರನನ್ನು ಕಟ್ಟಿಹಾಕುತ್ತದೆ. 2020ರ ಲಾಕ್‌ಡೌನಿನಲ್ಲಿ ಕೂಲಿ ನಿಂತಾಗ, ಗುತ್ತಿಗೆದಾರ ಫೋನು ತೆಗೆಯದಿದ್ದರೆ ಉದ್ಯೋಗದಾತ ಯಾರೆಂದೇ ತಿಳಿಯದ ವಲಸೆ ಕಾರ್ಮಿಕರ ಸ್ಥಿತಿ ಇಂಥ ಒಂಟಿ ಕೊಂಡಿಯ ಮೇಲಿನ ಅವಲಂಬನೆಯನ್ನು ಬಯಲಿಗೆ ತಂದಿತು.

ಇಂದಿನ ಸ್ಥಿತಿ

ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿ ಮತ್ತು ಬೊಮ್ಮಸಂದ್ರಕ್ಕೆ 2025ರ ಆಗಸ್ಟ್‌ನಲ್ಲಿ ಮೆಟ್ರೊ ಬಂದಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವಿದೆ. ಕೆಲಸದ ಜಾಗದ ಸಮೀಪವೇ ಮನೆ ಹಿಡಿಯಬೇಕೆಂಬ ಒತ್ತಡ ಇದರಿಂದ ಕೆಲಮಟ್ಟಿಗೆ ಸಡಿಲಗೊಂಡಿದೆ. ಐಟಿ ನೌಕರರ ನಡುವೆ 2017ರಲ್ಲಿ ಕೆಐಟಿಯು ಎಂಬ ಕಾರ್ಮಿಕ ಸಂಘ ರಚನೆಯಾಯಿತು. ಹೋಟೆಲುಗಳ ಮುಂದೆ ಆರ್ಡರಿಗಾಗಿ ಕಾಯುವ ಡೆಲಿವರಿ ಕೆಲಸಗಾರರು ಪಾಳಿಯೂ ಗೇಟೂ ಇಲ್ಲದ ಹೊಸ ವರ್ಗ. ಕಾಯುವ ಆ ಜಾಗಗಳಲ್ಲೇ ಅವರ ವಾಟ್ಸ್‌ಆ್ಯಪ್ ಗುಂಪುಗಳು ಹುಟ್ಟುತ್ತವೆ. ಅವರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾಯ್ದೆ ತಂದಿದೆ.

ಪೀಣ್ಯದಲ್ಲಿ ಭೂಮಿಯ ಬೆಲೆ ಏರಿದಂತೆ ಕೆಲವು ಘಟಕಗಳು ನೆಲಮಂಗಲ, ದಾಬಸ್‌ಪೇಟೆ ಮತ್ತು ತುಮಕೂರಿನ ವಸಂತನರಸಾಪುರದ ಕಡೆಗೆ ಸರಿಯುತ್ತಿವೆ. ಯಂತ್ರಗಳನ್ನು ಸಾಗಿಸುವುದು ಸುಲಭ; ಹೀಟ್ ಟ್ರೀಟ್‌ಮೆಂಟ್, ಗ್ರೈಂಡಿಂಗ್, ಪ್ಲೇಟಿಂಗ್‌ನವರೆಲ್ಲ ಜೊತೆಗೆ ಬರುವುದಿಲ್ಲವಾದ್ದರಿಂದ, ಸ್ಥಳ ಬದಲಿಸಿದ ವರ್ಕ್‌ಶಾಪಿನ ಮಾಲು ಆ ಹಂತಗಳಿಗಾಗಿ ಹಳೆಯ ಡಿ.ಸಿ. ಪುಸ್ತಕದೊಡನೆ ತುಮಕೂರು ರಸ್ತೆಯಲ್ಲಿ ಪೀಣ್ಯಕ್ಕೇ ಮರಳಿ ಬರಬೇಕಾಗುತ್ತದೆ.